ಬ್ರಿಟನ್ನಿನಲ್ಲಿ ಕೆಲಸ ಹೋದಾಗ ಮನೆ ಬಾಡಿಗೆಗೆ ಸರ್ಕಾರದ ನೆರವು ಪಡೆಯುವುದು ಹೇಗೆ

ಮನೆ ಬಾಡಿಗೆಗೆಂದೇ ಬೇರೆ ಅರ್ಜಿ ಇರಬಹುದೆಂದು ಹುಡುಕುತ್ತಾ ದಿನ ಕಳೆಯಬೇಡಿ. ಪಿಂಚಣಿ ವಯಸ್ಸಿಗೆ ಬಾರದವರಿಗೆ ಬಾಡಿಗೆಗೆಂದೇ ಇದ್ದ ಹಳೆಯ ಹೌಸಿಂಗ್ ಬೆನಿಫಿಟ್ ಬಹುತೇಕ ನಿಂತುಹೋಗಿದೆ. ಈಗ ಬಾಡಿಗೆಯ ಹಣ, ಕೆಲಸವಿಲ್ಲದವರಿಗೂ ಕಡಿಮೆ ಆದಾಯದವರಿಗೂ ಸರ್ಕಾರ ತಿಂಗಳಿಗೊಮ್ಮೆ ಕೊಡುವ ನೆರವಾದ ಯೂನಿವರ್ಸಲ್ ಕ್ರೆಡಿಟ್‌ನ ಒಂದು ಭಾಗವಾಗಿಯೇ ಬರುತ್ತದೆ. ನಮ್ಮ ಯಜಮಾನರಿಗೆ ಗೋದಾಮಿನ ಕೆಲಸ ಹೋದಾಗ ನಾನು ಕಲಿತ ಮೊದಲ ಪಾಠ ಇದು. ನಾನು ಶಾಲೆಯೊಂದರ ಅಡುಗೆಮನೆಯಲ್ಲಿ ಅರೆಹೊತ್ತು ದುಡಿಯುತ್ತೇನೆ. ಆ ಸಂಬಳ ದಿನಸಿಗೂ ಕರೆಂಟಿಗೂ ಸಾಲುತ್ತಿತ್ತು, ಬಾಡಿಗೆಗೆ ಸಾಲುತ್ತಿರಲಿಲ್ಲ.

‘ಸರ್ಕಾರದ ಹಂಗು ನಮಗೇಕೆ?’ ಎಂಬ ಮಾತು ನಮ್ಮವರ ಮನೆಗಳಲ್ಲಿ ಮೊದಲು ಏಳುತ್ತದೆ. ದುಡಿಯುವಾಗ ತೆರಿಗೆ ಕಟ್ಟಿದ್ದೀರಿ, ಕಷ್ಟಕ್ಕೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸಂಕೋಚಕ್ಕೆ ತೆರಬೇಕಾದ ಬೆಲೆಯೂ ದೊಡ್ಡದು: ಹಣ ಲೆಕ್ಕವಾಗುವುದು ಅರ್ಜಿ ಸಲ್ಲಿಸಿದ ದಿನದಿಂದ, ಕೆಲಸ ಹೋದ ದಿನದಿಂದಲ್ಲ. ಹಿಂದಿನ ದಿನಗಳಿಗೆ ಕೇಳಲು ಕಾಯಿಲೆಯಂಥ ಕೆಲವೇ ಕಾರಣಗಳಿಗೆ ಅವಕಾಶವಿದೆ, ಅದೂ ಹೆಚ್ಚೆಂದರೆ ಒಂದು ತಿಂಗಳಿಗೆ.

ಆದರೆ ಅರ್ಜಿ ಮುಟ್ಟುವ ಮೊದಲು ವೀಸಾ ನೋಡಿಕೊಳ್ಳಿ. ಬ್ರಿಟಿಷ್ ಪೌರತ್ವ ಅಥವಾ ಕಾಯಂ ವಾಸದ ಅನುಮತಿ ಇರುವವರು ಕೇಳಬಹುದು. ಸ್ಕಿಲ್ಡ್ ವರ್ಕರ್ ವೀಸಾ, ವಿದ್ಯಾರ್ಥಿ ವೀಸಾಗಳಲ್ಲಿ ಸಾಮಾನ್ಯವಾಗಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರದ ನೆರವಿನ ಹಣ ಪಡೆಯುವಂತಿಲ್ಲ) ಎಂಬ ಷರತ್ತು ಇರುತ್ತದೆ. ಅಂಥವರು ಯೂನಿವರ್ಸಲ್ ಕ್ರೆಡಿಟ್ ಪಡೆದರೆ ವೀಸಾಕ್ಕೇ ಸಂಚಕಾರ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಈ ಷರತ್ತಿದ್ದರೆ ಇನ್ನೊಬ್ಬರು ಕೇಳಲು ದಾರಿಯಿದೆ, ಆದರೆ ತಜ್ಞರ ಸಲಹೆ ಪಡೆದೇ ಮುಂದುವರಿಯಿರಿ. ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ಎಂಬ ವಂತಿಗೆ ಕಟ್ಟಿದವರಿಗೆ ಕೆಲಸ ಹುಡುಕುವಾಗ ಸಿಗುವ ‘ನ್ಯೂ ಸ್ಟೈಲ್ ಜಾಬ್‌ಸೀಕರ್ಸ್ ಅಲವೆನ್ಸ್’ ಈ ನಿರ್ಬಂಧಕ್ಕೆ ಸೇರುವುದಿಲ್ಲ. ಅದು ಹೆಚ್ಚೆಂದರೆ ಆರು ತಿಂಗಳು ಬರುತ್ತದೆ, ಅದಕ್ಕೆ ಉಳಿತಾಯದ ಲೆಕ್ಕ ಕೇಳುವುದಿಲ್ಲ.

ಇನ್ನು ನಮ್ಮವರು ಎಡವುವ ಜಾಗ: ಊರಿನ ಆಸ್ತಿ. ಗಂಡ ಹೆಂಡತಿ ಇಬ್ಬರ ಉಳಿತಾಯ ಒಟ್ಟು 16,000 ಪೌಂಡ್ ದಾಟಿದರೆ ಯೂನಿವರ್ಸಲ್ ಕ್ರೆಡಿಟ್ ಸಿಗುವುದಿಲ್ಲ. 6,000ದವರೆಗೆ ಕಡಿತವಿಲ್ಲ. ಅದರ ಮೇಲಿನ ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಕಳೆಯುತ್ತಾರೆ. 7,000 ಇದ್ದರೆ 17.40 ಪೌಂಡ್ ಹೋಗುತ್ತದೆ, ಅಷ್ಟೇ. ಕೆಲಸ ಹೋದಾಗ ಕಂಪನಿ ಕೊಟ್ಟ ಪರಿಹಾರದ ಹಣವೂ ಇದರಲ್ಲಿ ಸೇರುತ್ತದೆ. ಮೈಸೂರಿನಲ್ಲಿ ನಿಮ್ಮ ಹೆಸರಿನಲ್ಲಿರುವ ಸೈಟು, ಹಾಸನದ ಬ್ಯಾಂಕಿನಲ್ಲಿಟ್ಟ ಎಫ್‌ಡಿ, ಅಣ್ಣನ ಜೊತೆ ಜಂಟಿ ಖಾತೆಯಲ್ಲಿರುವ ಜಮೀನಿನ ನಿಮ್ಮ ಪಾಲು, ಎಲ್ಲವನ್ನೂ ಹೇಳಲೇಬೇಕು. ಭಾರತದಲ್ಲಿರುವುದು ಇವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕಿವಿಗೊಡಬೇಡಿ. ಮುಚ್ಚಿಟ್ಟದ್ದು ಮುಂದೆ ವಂಚನೆಯ ಆರೋಪವಾಗಿ ಬರುತ್ತದೆ, ಪಡೆದ ಹಣವನ್ನೆಲ್ಲ ಹಿಂದಿರುಗಿಸಬೇಕಾಗುತ್ತದೆ. ಹೇಳಿದರೆ ಅನುಕೂಲವಾಗುವುದೂ ಉಂಟು: ನಿಮ್ಮ ಹೆಸರಿನ ಮನೆಯಲ್ಲಿ ಪಿಂಚಣಿ ವಯಸ್ಸು ದಾಟಿದ ತಂದೆತಾಯಿ ವಾಸವಾಗಿದ್ದರೆ ಆ ಮನೆಯನ್ನು ಲೆಕ್ಕದಿಂದ ಬಿಡುವ ನಿಯಮವಿದೆ.

ಅರ್ಜಿಯ ದಿನವನ್ನು ಯೋಚಿಸಿ ಆರಿಸಿಕೊಳ್ಳಿ. ಸಲ್ಲಿಸಿದ ದಿನದಿಂದ ಒಂದು ತಿಂಗಳ ಲೆಕ್ಕ ಶುರುವಾಗುತ್ತದೆ, ಆ ತಿಂಗಳಲ್ಲಿ ಕೈಸೇರಿದ ಸಂಬಳವೆಲ್ಲ ಆದಾಯವೇ. ಕೊನೆಯ ಸಂಬಳ, ಉಳಿದ ರಜೆಯ ಹಣ ಒಟ್ಟಿಗೆ ಆ ತಿಂಗಳಲ್ಲೇ ಬಂದರೆ ಮೊದಲ ಕಂತು ತೀರಾ ಕಡಿಮೆಯಾಗಬಹುದು, ಇಲ್ಲವೇ ಏನೂ ಬಾರದಿರಬಹುದು. ನಮ್ಮ ಯಜಮಾನರ ಕೊನೆಯ ಸಂಬಳ ಎರಡೇ ದಿನ ದೂರವಿತ್ತು, ಅದು ಖಾತೆಗೆ ಬಂದ ಮರುದಿನ ಸಲ್ಲಿಸಿದೆವು. ಸಂಬಳ ಇನ್ನೂ ಮೂರು ವಾರ ದೂರವಿದ್ದರೆ ಕಾಯುವುದರಲ್ಲೇ ನಷ್ಟ. ಈ ಲೆಕ್ಕಕ್ಕೆ, ಜನರಿಗೆ ಸಲಹೆ ಕೊಡುವ ಸೇವಾಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ನ ‘ಹೆಲ್ಪ್ ಟು ಕ್ಲೇಮ್’ ಸೇವೆಗೆ ಫೋನ್ ಮಾಡಿ ಕೇಳಿ. ಅದು ಉಚಿತ, ಅಲ್ಲಿಯವರು ಸರ್ಕಾರದ ಉದ್ಯೋಗ ಕಚೇರಿಯಾದ ಜಾಬ್‌ಸೆಂಟರ್‌ನ ನೌಕರರೂ ಅಲ್ಲ.

ಅರ್ಜಿ ಆನ್‌ಲೈನಿನಲ್ಲಿ, ಸರ್ಕಾರದ ಗವ್.ಯುಕೆ ತಾಣದಲ್ಲಿ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಖಾತೆ ತೆರೆಯಬೇಕು. ಮೊದಲು ತೆರೆದವರಿಗೆ ಒಂದು ಕೋಡ್ ಸಿಗುತ್ತದೆ, ಅದನ್ನು ಇನ್ನೊಬ್ಬರು ಹಾಕಿದಾಗ ಎರಡೂ ಜೋಡಿಯಾಗುತ್ತವೆ. ಬಾಡಿಗೆಯ ಪುಟದಲ್ಲಿ ನಿಧಾನವಾಗಿ ಓದಿ. ವಾರಕ್ಕೆ 300 ಪೌಂಡ್ ಕೊಡುವವರು ನಾಲ್ಕರಿಂದ ಗುಣಿಸಿ 1,200 ಎಂದು ಬರೆದುಬಿಡುತ್ತಾರೆ. ವರ್ಷಕ್ಕೆ 52 ವಾರ, 300ನ್ನು 52ರಿಂದ ಗುಣಿಸಿ 12ರಿಂದ ಭಾಗಿಸಿದರೆ ತಿಂಗಳಿಗೆ 1,300. ನೂರು ಪೌಂಡ್ ಸಣ್ಣ ಮೊತ್ತವೇ? ವಾರದ ಬಾಡಿಗೆಯಾದರೆ ವಾರದ್ದೆಂದೇ ತುಂಬಿ.

ಬಾಡಿಗೆ ಕರಾರುಪತ್ರದ ಎಲ್ಲ ಪುಟಗಳೂ ಬೇಕು. ಬಾಡಿಗೆ ಏರಿಸಿದ್ದರೆ ಆ ಪತ್ರ, ಜೊತೆಗೆ ಬಾಡಿಗೆ ಹೋದದ್ದು ಕಾಣುವ ಬ್ಯಾಂಕ್ ವಿವರವನ್ನೂ ಇಟ್ಟುಕೊಳ್ಳಿ. ಪರಿಚಯದವರ ಮನೆಯಲ್ಲಿ ಬಾಯಿಮಾತಿನ ಮೇಲೆ, ನಗದು ಕೊಟ್ಟು ಇರುವವರು ನಮ್ಮಲ್ಲಿ ಬಹಳ. ಅಂಥವರು ಮನೆಯ ವಿಳಾಸ, ಬಾಡಿಗೆ, ಯಾವಾಗಿನಿಂದ ವಾಸ ಎಂಬುದನ್ನು ಮನೆಯೊಡೆಯರಿಂದ ಬರೆಸಿ ಸಹಿ ಹಾಕಿಸಿಕೊಳ್ಳಿ, ಇನ್ನು ಮುಂದೆ ಬ್ಯಾಂಕಿನ ಮೂಲಕವೇ ಕೊಡಿ.

ಪೂರ್ತಿ ಬಾಡಿಗೆ ಬರುತ್ತದೆಂದು ನಂಬಿ ಕೂರಬೇಡಿ. ಖಾಸಗಿ ಮನೆಯಾದರೆ ‘ಲೋಕಲ್ ಹೌಸಿಂಗ್ ಅಲವೆನ್ಸ್’ ಎಂಬ ಮಿತಿಯಿದೆ. ಅದು ನಿಮ್ಮ ಪ್ರದೇಶ ಮತ್ತು ನಿಮಗೆ ಬೇಕೆಂದು ಅವರು ಎಣಿಸುವ ಮಲಗುವ ಕೋಣೆಗಳ ಮೇಲೆ ನಿಂತಿದೆ. ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಒಂದೇ ಕೋಣೆ ಎಂಬ ಲೆಕ್ಕ. ನಮ್ಮದು ಎರಡು ಕೋಣೆಯ ಮನೆ, ಆದರೂ ಮಿತಿಗಿಂತ ಬಾಡಿಗೆ ಹೆಚ್ಚಿತ್ತು. ಅಂಥ ಕೊರತೆಗೆ ಸ್ಥಳೀಯ ಕೌನ್ಸಿಲ್‌ನಲ್ಲಿ ಹೆಚ್ಚುವರಿ ನೆರವಿನ ನಿಧಿ ಇರುತ್ತದೆ, ಅದಕ್ಕೆ ಪ್ರತ್ಯೇಕವಾಗಿ ಕೇಳಬೇಕು. ಮನೆಗೆ ಕಟ್ಟುವ ಸ್ಥಳೀಯ ತೆರಿಗೆಯಾದ ಕೌನ್ಸಿಲ್ ಟ್ಯಾಕ್ಸ್ ಇಳಿಕೆಗೂ ಅಲ್ಲೇ ಇನ್ನೊಂದು ಅರ್ಜಿ. ಯೂನಿವರ್ಸಲ್ ಕ್ರೆಡಿಟ್ ಕೇಳಿದ ಮಾತ್ರಕ್ಕೆ ಇವು ತಾವಾಗಿ ಬರುವುದಿಲ್ಲ.

ಮೊದಲ ಹಣಕ್ಕೆ ಸುಮಾರು ಐದು ವಾರ ಕಾಯಬೇಕು. ಅಲ್ಲಿಯವರೆಗೆ ಮುಂಗಡ ಕೇಳಬಹುದು. ಅದು ಬಡ್ಡಿಯಿಲ್ಲದ ಸಾಲ, ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳುತ್ತಾರೆ, ಆದ್ದರಿಂದ ಬೇಕಾದಷ್ಟೇ ತೆಗೆದುಕೊಳ್ಳಿ. ಮನೆಯೊಡೆಯರಿಗೆ ಈ ವಿಳಂಬವನ್ನು ಬರವಣಿಗೆಯಲ್ಲಿ ಮೊದಲೇ ತಿಳಿಸಿ. ಬಾಡಿಗೆಯ ಹಣ ಸಾಮಾನ್ಯವಾಗಿ ನಿಮ್ಮ ಖಾತೆಗೇ ಬರುತ್ತದೆ, ಬಂದ ದಿನವೇ ಅವರಿಗೆ ಕಳುಹಿಸಿಬಿಡಿ.

ಆನ್‌ಲೈನ್ ಖಾತೆಯಲ್ಲಿ ‘ಜರ್ನಲ್’ ಎಂಬ ಭಾಗವಿದೆ. ಫೋನಿನಲ್ಲಿ ಯಾರು ಏನು ಹೇಳಿದರೂ ಅಂದೇ ಅಲ್ಲಿ ಎರಡು ಸಾಲು ಬರೆದಿಡಿ: ಇಂದು ಹೀಗೆ ತಿಳಿಸಿದಿರಿ, ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ನಮ್ಮ ಕರಾರುಪತ್ರ ತಲುಪಿಲ್ಲವೆಂದು ಬಾಡಿಗೆಯ ಭಾಗವನ್ನು ತಡೆಹಿಡಿದಾಗ, ಅದನ್ನು ತೋರಿಸಿದ ದಿನ ಜರ್ನಲ್‌ನಲ್ಲಿ ಬರೆದ ಸಾಲೇ ನಮ್ಮನ್ನು ಕಾಪಾಡಿತು. ತೀರ್ಮಾನ ತಪ್ಪೆನಿಸಿದರೆ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಿ. ಕೆಲಸವಿಲ್ಲದಾಗ ಊರಿಗಾದರೂ ಹೋಗಿಬರೋಣ ಎನಿಸುವುದು ಸಹಜ, ಆದರೆ ಹೊರಡುವ ಮೊದಲು ತಿಳಿಸಲೇಬೇಕು. ಸಾಮಾನ್ಯವಾಗಿ ಒಂದು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಹಣ ನಿಲ್ಲುತ್ತದೆ.

ಹೊಸ ಕೆಲಸ ಸಿಕ್ಕಿದಾಗ ಅದನ್ನು ಕೂಡಲೇ ತಿಳಿಸಿ, ಆದರೆ ನೀವಾಗಿಯೇ ಕ್ಲೇಮ್ ಮುಚ್ಚಬೇಡಿ. ಗಳಿಸಿದ ಒಂದು ಪೌಂಡಿಗೆ 55 ಪೆನ್ಸ್‌ನಂತೆ ಮಾತ್ರ ಕಡಿತವಾಗುತ್ತದೆ, ಮಕ್ಕಳಿರುವವರಿಗೆ ಅದಕ್ಕೂ ಮೊದಲು ಒಂದಿಷ್ಟು ಗಳಿಕೆಯನ್ನು ಬಿಡುತ್ತಾರೆ. ಹಾಗಾಗಿ ಸಂಬಳ ಕಡಿಮೆಯಿದ್ದರೆ ಬಾಡಿಗೆಯ ಒಂದಂಶ ಬರುತ್ತಲೇ ಇರಬಹುದು. ಸಂಬಳ ಹೆಚ್ಚಾದ ಕಾರಣಕ್ಕೆ ಕ್ಲೇಮ್ ನಿಂತಿದ್ದು, ಆರು ತಿಂಗಳೊಳಗೆ ಮತ್ತೆ ಬೇಕಾದರೆ, ಹಳೆಯ ಖಾತೆಗೇ ಲಾಗಿನ್ ಆಗಿ ಮುಂದುವರಿಸಬಹುದು.