ಚಹಾಗೃಹದಲ್ಲಿ ಒಂದು ಗಂಟೆ ಕೂರುವ ಬಗೆ

ಚಹಾಗೃಹಕ್ಕೆ ಹೊರಡುವ ಮುನ್ನ ಕನಿಷ್ಠ ಒಂದು ಗಂಟೆಯ ಬಿಡುವು ಇದೆಯೇ ಎಂದು ನೋಡಿಕೊಳ್ಳಿ. ಇಲ್ಲವಾದರೆ ಇನ್ನೊಂದು ದಿನಕ್ಕೆ ಮುಂದೂಡುವುದೇ ಲೇಸು. ಅದೇ ಎಲೆಗೆ ಮತ್ತೆ ಮತ್ತೆ ಬಿಸಿನೀರು ಹೊಯ್ದು, ಸುತ್ತು ಸುತ್ತಿಗೂ ಬದಲಾಗುವ ರುಚಿಯನ್ನು ಗಮನಿಸುವುದರಲ್ಲೇ ಅಲ್ಲಿನ ಸುಖವಿದೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಗದ್ದಲ ಇನ್ನೂ ಶುರುವಾಗದ ಹೊತ್ತಿನಲ್ಲಿ ಹೋದರೆ ಅಲ್ಲಿನವರಿಗೂ ನಿಮ್ಮೊಡನೆ ಮಾತನಾಡಲು ಪುರಸೊತ್ತು ಇರುತ್ತದೆ.

ಸೆಂಟು, ಅತ್ತರು ಹಚ್ಚಿಕೊಂಡು ಹೋಗಬೇಡಿ. ಒಣ ಚಹಾ ಎಲೆ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ (ಮಲ್ಲಿಗೆ ಚಹಾ ತಯಾರಾಗುವುದೂ ಈ ಗುಣದಿಂದಲೇ). ಪಕ್ಕದ ಮೇಜಿನವರ ಮೂಗಿಗೂ ಅದರಿಂದ ತೊಂದರೆ. ಬರಿಹೊಟ್ಟೆಯಲ್ಲಿ ಗಾಢವಾದ ಚಹಾ ಕೆಲವರಿಗೆ ಹೊಟ್ಟೆ ತೊಳಸುವುದರಿಂದ ಏನಾದರೂ ಸ್ವಲ್ಪ ತಿಂದು ಹೋಗಿ. ಮಂದ ದೀಪದ ಮೂಲೆ ಎಷ್ಟೇ ಚೆಂದವಿದ್ದರೂ ಕಿಟಕಿಯ ಬಳಿ ಕೂರುವುದು ನನಗಿಷ್ಟ, ಏಕೆಂದರೆ ಹಳದಿ ಬೆಳಕಿನಲ್ಲಿ ಚಹಾದ ನಿಜವಾದ ಬಣ್ಣ ತಿಳಿಯುವುದಿಲ್ಲ.

ಪಟ್ಟಿ ಉದ್ದವಿದ್ದರೆ ಗಾಬರಿ ಬೇಡ. ಹಸಿರು, ಊಲಾಂಗ್, ಕಪ್ಪು ಚಹಾಗಳೆಲ್ಲವೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆಗಳು. ಕಿತ್ತ ಎಲೆಯನ್ನು ಬೇಗನೆ ಬಿಸಿಮಾಡಿ ಹಸಿರಾಗಿಯೇ ಉಳಿಸಿದರೋ, ಗಾಳಿಗೆ ಬಿಟ್ಟು ಅರ್ಧ ಅಥವಾ ಪೂರ್ತಿ ಕಂದಾಗಲು ಬಿಟ್ಟರೋ ಎಂಬುದರ ಮೇಲೆ ಈ ಭೇದ ನಿಂತಿದೆ. ಸೇವಂತಿಗೆ, ಕ್ಯಾಮೊಮೈಲ್ ಹೂವಿನ ಪಾನೀಯಗಳು ಬೇರೆ ಗಿಡದವು. ಅವುಗಳಲ್ಲಿ ಕೆಫೀನ್ ಇಲ್ಲದ ಕಾರಣ ರಾತ್ರಿ ನಿದ್ದೆಗೆ ಭಂಗವಿಲ್ಲ. ಮೊದಲ ಸಲ ಹೋಗುವವರಿಗೆ ಉಂಡೆಯಾಗಿ ಸುತ್ತಿದ ಊಲಾಂಗ್ ನನ್ನ ಸಲಹೆ.

ಅದನ್ನು ಪುಟ್ಟ ಪಾತ್ರೆಯಲ್ಲಿ ತಯಾರಿಸುವಾಗ 100 ಮಿಲಿಲೀಟರ್ ನೀರಿಗೆ ಸುಮಾರು 5 ಗ್ರಾಂ ಎಲೆ ಸಾಕು. ನೀರು ಕುದಿಯುವ ಹದಕ್ಕೆ ಹತ್ತಿರವಿರಲಿ. ಹಸಿರು ಚಹಾವಾದರೆ 70ರಿಂದ 80 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಮೀರಿದರೆ ಕಹಿ ಮತ್ತು ಒಗರು ಮುಂದಾಗುತ್ತವೆ. ಮೊದಲ ಸುತ್ತಿಗೆ 20ರಿಂದ 30 ಸೆಕೆಂಡು ಬಿಟ್ಟು, ಪಾತ್ರೆಯಲ್ಲಿ ಒಂದು ಹನಿಯೂ ಉಳಿಯದಂತೆ ಬಗ್ಗಿಸಿಕೊಳ್ಳಬೇಕು. ಒಮ್ಮೆ ಮಾತಿನ ಭರದಲ್ಲಿ ಎಲೆಯನ್ನು ನೀರಿನಲ್ಲೇ ಮರೆತು ನಾಲಿಗೆ ಒಣಗಿಸುವಂಥ ಕಷಾಯ ಕುಡಿದಿದ್ದೇನೆ.

ಬಗ್ಗಿಸಿದ ಕೂಡಲೇ ಮುಚ್ಚಳದ ಒಳಮೈಯನ್ನು ಮೂಸಿ ನೋಡಿ. ಚಹಾದ ಪರಿಮಳ ಬಟ್ಟಲಿಗಿಂತ ಅಲ್ಲಿ ದಟ್ಟವಾಗಿ ನಿಂತಿರುತ್ತದೆ. ಎರಡನೆಯ, ಮೂರನೆಯ ಸುತ್ತಿನ ಹೊತ್ತಿಗೆ ಎಲೆ ಬಿಚ್ಚಿಕೊಂಡು ರುಚಿ ತುಂಬಿ ಬರುತ್ತದೆ. ಮುಂದಿನ ಸುತ್ತುಗಳಿಗೆ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತ ಹೋಗಿ. ನೀರು ತೆಳುವಾಗಿ ಬರೇ ಸಿಹಿಯ ಎಳೆಯೊಂದು ಉಳಿದಾಗ ಎಲೆಯ ಸತ್ವ ಮುಗಿಯಿತೆಂದು ತಿಳಿಯಿರಿ. ಏಳುವ ಮುನ್ನ ಬಿಚ್ಚಿಕೊಂಡ ಉಂಡೆಗಳಲ್ಲೊಂದನ್ನು ತಟ್ಟೆಯ ಮೇಲೆ ಹರವಿ ನೋಡಿ: ಕಾಳಿನಷ್ಟಿದ್ದ ಆ ಉಂಡೆಯೊಳಗೆ ಒಂದೇ ಕಡ್ಡಿಗೆ ಅಂಟಿದ ಎರಡು ಮೂರು ಇಡೀ ಎಲೆಗಳು ಮಡಚಿಕೊಂಡಿದ್ದವು.