ಗೋಲು ಹೊಡೆಯದವನ ದಾಖಲೆ ಓದುವುದು ಹೇಗೆ?

ನ್ಯೂಯಾರ್ಕಿನಲ್ಲಿ ಸಂಜೆ 7ಕ್ಕೆ ಶುರುವಾಗುವ ಎನ್‌ಎಚ್‌ಎಲ್ (ಅಮೆರಿಕ, ಕೆನಡಾ ತಂಡಗಳ ದೊಡ್ಡ ಲೀಗ್) ಐಸ್ ಹಾಕಿ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ 5.30ಕ್ಕೆ ಸಿಗುತ್ತದೆ. ಮಾಟುಂಗದ ನಮ್ಮ ಹೋಟೆಲಿನಲ್ಲಿ ಮೊದಲ ಒಬ್ಬೆ ಇಡ್ಲಿ ಇಳಿಯುವವರೆಗೆ ಗಲ್ಲಾಪೆಟ್ಟಿಗೆಯ ಪಕ್ಕ ಫೋನ್ ಇಟ್ಟುಕೊಂಡು ನೋಡುತ್ತೇನೆ. ತಂಗಿಯ ಮಗ ಕೇಳಿದ: "ಮಾವ, ಇವ ಗೋಲೂ ಹೊಡೆಯುದಿಲ್ಲ, ಬರೀ ಗುದ್ದಾಟ. ಇವನಿಗೆ ಸಂಬಳ ಯಾಕೆ?" ಅವನಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಇವನು ಎನ್‌ಫೋರ್ಸರ್. ತಂಡದ ಒಳ್ಳೆಯ ಆಟಗಾರನನ್ನು ಯಾರಾದರೂ ಕೆಡವಿದರೆ ಹೋಗಿ ವಿಚಾರಿಸಿಕೊಳ್ಳುವವನು. ಇವನ ದಾಖಲೆ ತೆರೆದಾಗ ಗೋಲಿನ ಜೊತೆಗೆ ಆಡಿದ ಪಂದ್ಯಗಳನ್ನೂ ಪೆನಾಲ್ಟಿ ನಿಮಿಷಗಳನ್ನೂ (ತಪ್ಪು ಮಾಡಿ ಹೊರಗೆ ಕೂತ ಹೊತ್ತು) ಸೇರಿಸಿ ಓದಿ. ಗುದ್ದಾಡಿದವನು 5 ನಿಮಿಷ ಹೊರಗೆ ಕೂರಬೇಕು. ಟೈಗರ್ ವಿಲಿಯಮ್ಸ್ 962 ಪಂದ್ಯಗಳಲ್ಲಿ 3,971 ನಿಮಿಷ ಕೂತ, ಅದೇ ಇವತ್ತಿಗೂ ದಾಖಲೆ. ಆದರೆ 241 ಗೋಲೂ ಹೊಡೆದ. ಡೆರೆಕ್ ಬೂಗಾರ್ಡ್ 277 ಪಂದ್ಯ, 3 ಗೋಲು. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ, ಆದರೆ ಕೈ ಸೋತರೂ ವಿಲಿಯಮ್ಸ್‌ಗೆ ಆಟವಿತ್ತು. ಬೂಗಾರ್ಡ್‌ನ ಅನ್ನ ಮುಷ್ಟಿಯಲ್ಲೇ ಇತ್ತು.

ಆಮೇಲೆ ಅವನು ಯಾರ ಕಾವಲಿಗಿದ್ದ ಎಂದು ನೋಡಿ. ಎಡ್ಮಂಟನ್‌ನಲ್ಲಿ ಗೋಲುಗಳ ರಾಶಿ ಹಾಕುತ್ತಿದ್ದ ವೇಯ್ನ್ ಗ್ರೆಟ್‌ಸ್ಕಿಗೆ ಕಾವಲಾಗಿ ಡೇವ್ ಸೆಮೆಂಕೊ ಇದ್ದ, ಮಾರ್ಟಿ ಮೆಕ್‌ಸೋರ್ಲಿ ಇದ್ದ. 1988ರಲ್ಲಿ ಗ್ರೆಟ್‌ಸ್ಕಿಯನ್ನು ಲಾಸ್ ಏಂಜಲೀಸ್‌ಗೆ ಕೊಟ್ಟಾಗ ಮೆಕ್‌ಸೋರ್ಲಿಯೂ ಜೊತೆಗೇ ಹೋದ. ಸಂಬಳ ಯಾಕೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಇಸವಿ ಮರೆಯಬೇಡಿ. 1974–75ರಲ್ಲಿ ಫಿಲಡೆಲ್ಫಿಯಾದ ಡೇವ್ ಶುಲ್ಟ್ಸ್ ಒಂದೇ ಋತುವಿನಲ್ಲಿ 472 ನಿಮಿಷ ಕೂತ, ತಂಡ ಲೀಗಿನ ಸ್ಟ್ಯಾನ್ಲಿ ಕಪ್ ಗೆದ್ದಿತು. 1992ರಿಂದ ಜಗಳ ಶುರುಮಾಡಿದವನಿಗೆ ಶಿಕ್ಷೆ ಬಿಗಿಯಾಯಿತು. 2005ರ ನಂತರ ಆಟ ವೇಗವಾಗಿ, ಸ್ಕೇಟಿಂಗ್ ನಿಧಾನವಿದ್ದವನಿಗೆ ಜಾಗವೇ ಕಡಿಮೆಯಾಯಿತು.

ಗುದ್ದಾಟ ನೋಡುವಾಗ ಮುಖ ಬಿಟ್ಟು ಕೈ ನೋಡಿ. ಗ್ಲೌಸ್ ಕಳಚಿ ಬೀಳುತ್ತದೆ, ಒಂದು ಕೈ ಎದುರಾಳಿಯ ಜೆರ್ಸಿ ಹಿಡಿಯುತ್ತದೆ, ಇನ್ನೊಂದು ಬರಿಗೈ ಹೆಲ್ಮೆಟ್ಟಿಗೂ ಬಡಿಯುತ್ತದೆ. ಬೆರಳಿನ ಗೆಣ್ಣು ಒಡೆಯುವುದು ಹೀಗೆ. ನಾಳೆ ಯಾರ ಜೊತೆ ಗುದ್ದಾಡಬೇಕು ಎಂದು ಮೊದಲೇ ಗೊತ್ತಿದ್ದು ರಾತ್ರಿ ನಿದ್ದೆ ಬಾರದ್ದನ್ನು ಎಷ್ಟೋ ಮಂದಿ ಹೇಳಿಕೊಂಡಿದ್ದಾರೆ.

ವೀಡಿಯೊ ಮುಗಿದಲ್ಲಿಗೆ ಓದು ನಿಲ್ಲಿಸಿದರೆ ಅವನಿಗೆ ಅನ್ಯಾಯ. ಬೂಗಾರ್ಡ್ 2011ರ ಮೇ 13ರಂದು ಸತ್ತ, ನೋವಿನ ಮಾತ್ರೆ ಮತ್ತು ಮದ್ಯ ಸೇರಿ. ವಯಸ್ಸು 28. ಬಾಸ್ಟನ್ ವಿಶ್ವವಿದ್ಯಾಲಯದವರು ಮಿದುಳು ಪರೀಕ್ಷಿಸಿದಾಗ ಸಿಟಿಇ ಕಂಡಿತು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿಗೆ ನಂಟಿರುವ ಕಾಯಿಲೆ ಅದು. ಬದುಕಿರುವಾಗ ಖಚಿತಪಡಿಸಿಕೊಳ್ಳಲು ಆಗುವುದಿಲ್ಲ. 2010ರಲ್ಲಿ 45ನೇ ವಯಸ್ಸಿಗೆ ಹೃದಯ ನಿಂತು ಸತ್ತ ಇನ್ನೊಬ್ಬ ಎನ್‌ಫೋರ್ಸರ್ ಬಾಬ್ ಪ್ರೊಬರ್ಟ್‌ನ ಮಿದುಳಲ್ಲೂ ಅದೇ ಕಂಡಿತು. "ಬರೀ 3 ಗೋಲು" ಎಂದು ನಗುವವರನ್ನು ನಾನು ಸುಮ್ಮನೆ ಬಿಡುವುದಿಲ್ಲ.

ಈಗಿನವರಲ್ಲಿ ಮ್ಯಾಟ್ ರೆಂಪಿಯಿಂದ ಶುರುಮಾಡಿ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರೇಂಜರ್ಸ್ ಪರ ಮೊದಲ ಪಂದ್ಯ, ವಯಸ್ಸು 21, ಆಟ ಶುರುವಾದ ಕ್ಷಣದಲ್ಲೇ ಎದುರಾಳಿ ತಂಡದ ಮ್ಯಾಟ್ ಮಾರ್ಟಿನ್ ಜೊತೆ ಗುದ್ದಾಟ. ಅವನನ್ನು ಪ್ರತಿ ಪಂದ್ಯದಲ್ಲಿ ಎಷ್ಟು ನಿಮಿಷ ಐಸ್ ಮೇಲೆ ಇಳಿಸುತ್ತಾರೆ ಎಂದು ಬರೆದಿಡುತ್ತಾ ಹೋಗಿ. ತಂಡ ಅವನಿಗೆ ಆಟ ಕಲಿಸುತ್ತಿದೆಯೋ, ಬರೀ ಮುಷ್ಟಿಗೆ ಇಟ್ಟುಕೊಂಡಿದೆಯೋ ಎಂದು ಆ ನಿಮಿಷಗಳಿಂದಲೇ ತಿಳಿಯುತ್ತದೆ.