ನಡೆದು ನಡೆದೇ ಕಾಮ್ರೇಡ್ಸ್ ಮುಗಿಸಿದೆ

"ನಡೆಯೋಕೆ ಆಫ್ರಿಕಾಗೆ ಯಾಕೆ ಹೋಗ್ಬೇಕು, ಕುಕ್ಕರಹಳ್ಳಿ ಕೆರೆ ಸಾಲ್ದಾ?"

ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ಅದೂ ಮೊದಲ ಕಿಲೋಮೀಟರಿನಿಂದಲೇ. ಈ ಲೆಕ್ಕ ಹೇಳಿದಾಗ ಮೈಸೂರಿನ ನಮ್ಮ ಬೆಳಗಿನ ಓಟದ ಗುಂಪಿನಲ್ಲಿ ಬಂದ ಮೊದಲ ಮಾತು ಅದು. 2018ರ ಜೂನ್ 10ರಂದು ಅದೇ ಲೆಕ್ಕದಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಡರ್ಬನ್‌ಗೆ 90 ಕಿ.ಮೀ. ಓಡಿ, ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಎಂಬ ದೂರದ ಓಟ ಮುಗಿಸಿದೆ. 11 ಗಂಟೆ 41 ನಿಮಿಷ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು 2017ರ ಸೋಲಿನ ಕಥೆ. ಆ ವರ್ಷ ಅಪ್ ರನ್, ಡರ್ಬನ್‌ನಿಂದ ಮೇಲಕ್ಕೆ, 87 ಕಿ.ಮೀ. ಹತ್ತಿರ. ಎಲ್ಲರೂ ಹೇಳಿದಂತೆ ಆದಷ್ಟು ದೂರ ಓಡು, ಆಗದಿದ್ದಾಗ ನಡಿ ಅಂತ ಹೊರಟೆ. ಅರ್ಧ ದಾರಿಯ ಡ್ರಮಂಡ್‌ಗೆ 5 ಗಂಟೆ 40 ನಿಮಿಷದಲ್ಲಿ ಬಂದೆ. ಕಟಾಫ್, ಅಂದರೆ ಅಲ್ಲಿ ದಾಟಲೇಬೇಕಾದ ಗಡುವು, 6:10. ಅರ್ಧ ಗಂಟೆ ಕೈಯಲ್ಲಿತ್ತು. ಆದರೆ ಇಂಚಾಂಗ ಏರಿನಲ್ಲಿ ಕಾಲು ಕೈಕೊಟ್ಟಿತು. ಆಮೇಲೆ ನಡೆದದ್ದು ನಡಿಗೆಯಲ್ಲ, ಎಳೆದಾಟ. ಕ್ಯಾಂಪರ್‌ಡೌನ್ ಹತ್ತಿರ ಓಟ ಮುಗಿಸಲಾಗದವರನ್ನು ಒಯ್ಯುವ ಬಸ್ಸಿಗೆ ಹತ್ತಿಸಿದರು. ಅಲ್ಲಿ ಬೋರ್ಡುಗಳಲ್ಲಿ ಓಡಿದ ದೂರ ಬರೆಯುವುದಿಲ್ಲ, ಉಳಿದ ದೂರ ಬರೆಯುತ್ತಾರೆ. ಬಸ್ಸಿನ ಕಿಟಕಿಯಿಂದ ನನಗೆ ಕಂಡಿದ್ದು '25' ಅಂತ. ಆ ಅಂಕಿ ಒಂದು ವರ್ಷ ತಲೆಯಿಂದ ಹೋಗಲಿಲ್ಲ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ, ಯಾರೂ ಬಿಡಿಸಿ ಹೇಳುವುದಿಲ್ಲ. ಮೊದಲ ವರ್ಷ ಒಂದೂವರೆ ಲಕ್ಷದ ಚೀಟಿ ಎತ್ತಿ ಹೋಗಿದ್ದೆ, ಅಷ್ಟೂ ಖರ್ಚಾಯಿತು. ವೀಸಾಗೆ ಒಬ್ಬ ಏಜೆಂಟನ್ನು ಹಿಡಿದಿದ್ದೆ. ದುಡ್ಡು ತಗೊಂಡು ಮೂರು ವಾರ ಕಾಗದವನ್ನೇ ಮುಟ್ಟಲಿಲ್ಲ. ವೀಸಾ ತಡವಾಗಿ ಬಂತು, ಅಷ್ಟರಲ್ಲಿ ವಿಮಾನದ ಟಿಕೆಟ್ ಹದಿನೆಂಟು ಸಾವಿರ ಜಾಸ್ತಿಯಾಗಿತ್ತು. ಎರಡನೇ ಸಲ ಅರ್ಜಿ ನಾನೇ ತುಂಬಿದೆ. ಜನವರಿಯಲ್ಲೇ ಟಿಕೆಟ್ ಮಾಡಿಸಿದೆ, ದುಬೈ ಮೇಲೆ ಸುಮಾರು 52 ಸಾವಿರ. ನೋಂದಣಿಗೆ ಹದಿನೈದು ಸಾವಿರದ ಮೇಲೆ ಹೋಯಿತು ಅಂತ ನೆನಪು. ಪುಣೆಯ ಇಬ್ಬರು ಓಟಗಾರರ ಜೊತೆ ಮನೆ ಹಂಚಿಕೊಂಡೆ. ಒಟ್ಟು ಒಂದು ಲಕ್ಷ ಹತ್ತು ಸಾವಿರದಲ್ಲಿ ಮುಗಿಯಿತು. ಎರಡೂ ವರ್ಷ ಸೇರಿ ಒಂದು ಒಳ್ಳೆ ಬೈಕ್ ಬರುತ್ತಿತ್ತು. ನನಗೆ ಬೇಕಿದ್ದದ್ದು ಬೈಕ್ ಅಲ್ಲ.

2018ರದ್ದು ಡೌನ್ ರನ್, ಮೇಲಿನಿಂದ ಡರ್ಬನ್ ಕಡೆಗೆ. ಅದು ಸುಲಭ ಅಂದುಕೊಳ್ಳಬೇಡಿ. ಮೊದಲು ಉಮ್ಲಾಸ್ ರೋಡ್‌ವರೆಗೆ ಏರಬೇಕು, ಅದು ಸುಮಾರು 800 ಮೀಟರ್ ಎತ್ತರ. ಅಲ್ಲಿಂದ ಏರಿಳಿಯುತ್ತಾ ಸಮುದ್ರ ಮಟ್ಟಕ್ಕೆ ಬರಬೇಕು. ತೊಡೆಯ ಮುಂಭಾಗ ಪುಡಿಯಾಗುತ್ತದೆ. ಅದಕ್ಕೆ ನನಗೆ ಸಿಕ್ಕ ಮದ್ದು ನಮ್ಮ ಚಾಮುಂಡಿ ಬೆಟ್ಟ. ಫೆಬ್ರವರಿಯಲ್ಲಿ ಮೊದಲ ಸಲ ತಾವರೆಕಟ್ಟೆ ಕಡೆ ಮೂರು ಸಲ ಜೋರಾಗಿ ಇಳಿದೆ. ನಾಲ್ಕು ದಿನ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಎರಡು ಉಗುರು ಕಪ್ಪಾಗಿ ಬಿದ್ದವು. ಮುಂದಿನ ವಾರದಿಂದ ಒಂದೇ ಇಳಿತ, ಹದಿನೈದು ದಿನ ಬಿಟ್ಟು ಎರಡು, ಏಪ್ರಿಲ್ ಕೊನೆಗೆ ಐದು. ಮೇಲೆ ಹತ್ತಲು ಆಟೋಗೆ ದಂಡ ತೆತ್ತಿದ್ದೆ. ಆಮೇಲೆ ಸಿಟಿ ಬಸ್ಸಿನಲ್ಲಿ ಹತ್ತಿ, ಓಡಿ ಇಳಿಯತೊಡಗಿದೆ. ಕಂಡಕ್ಟರಣ್ಣ ಮೂರನೇ ಸಲಕ್ಕೆ "ಏನ್ ಸಾರ್, ಏನಾದ್ರೂ ಹರಕೆನಾ?" ಅಂತ ಕೇಳಿದರು. ಹೌದು ಅಂದೆ.

ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಕಾಲು ಸೊಂಟದ ಕೆಳಗೇ ಬೀಳಲಿ. ಇದು ಓಡುವವರಿಗೆಲ್ಲ ಗೊತ್ತಿರುವುದೇ. ಆದರೆ ಗೊತ್ತಿರುವುದು ಬೇರೆ, ಐದನೇ ಇಳಿತದಲ್ಲೂ ಹಾಗೇ ಇಡುವುದು ಬೇರೆ.

ಊಟದ ಪ್ರಯೋಗಗಳಂತೂ ಒಂದಿಷ್ಟು. ಮಜ್ಜಿಗೆ ಒಯ್ದೆ, ಮೂರು ಗಂಟೆಯಲ್ಲಿ ಹುಳಿ ಬಂದು ಹೊಟ್ಟೆ ತೊಳಸಿತು. ಖರ್ಜೂರ ಹಲ್ಲಿಗೆ ಅಂಟಿ ಉಸಿರಿಗೆ ಅಡ್ಡ. ಓಟಗಾರರು ಶಕ್ತಿಗೆ ತಿನ್ನುವ ಜೆಲ್ ಪ್ಯಾಕೆಟ್ ಆಗ ಒಂದಕ್ಕೆ ನೂರರ ಮೇಲೆ, ಆರನೆಯದಕ್ಕೆ ವಾಕರಿಕೆ. ಕೊನೆಗೆ ನಿಂತದ್ದು ರಾಗಿ ಹುರಿಹಿಟ್ಟು, ಬೆಲ್ಲ, ಉಪ್ಪಿನ ಉಂಡೆ. ನೆಲ್ಲಿಕಾಯಿ ಗಾತ್ರ, ನಲವತ್ತು ನಿಮಿಷಕ್ಕೊಂದು, ನಡಿಗೆಯ ನಿಮಿಷದಲ್ಲೇ ಬಾಯಿಗೆ. ಹುರಿಹಿಟ್ಟು ಬಾಯಿ ಒಣಗಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನದು ಒಣಗಿಸುವುದಿಲ್ಲ. ಅದರಲ್ಲಿ ಇನ್ನೊಂದು ಪದಾರ್ಥ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆ ಒಂದು 30 ಕಿ.ಮೀ. ಓಡಲು ಬನ್ನಿ, ತಿನ್ನಿಸುತ್ತೇನೆ. ಬೆಲ್ಲ ಡರ್ಬನ್‌ನಲ್ಲೇ ಸಿಗುತ್ತದೆ. ನಮ್ಮ ಕಡೆಯಿಂದ ಹೋಗಿ ತಲೆಮಾರುಗಳಿಂದ ನೆಲೆಸಿದವರ ಅಂಗಡಿಗಳು ಬೇಕಾದಷ್ಟಿವೆ.

ಓಟದ ಹಿಂದಿನ ದಿನ ಪೀಟರ್‌ಮಾರಿಟ್ಸ್‌ಬರ್ಗ್ ರೈಲ್ವೆ ಸ್ಟೇಷನ್‌ಗೆ ಹೋಗಿದ್ದೆ. 1893ರ ಜೂನ್ 7ರ ರಾತ್ರಿ ಗಾಂಧೀಜಿಯನ್ನು ರೈಲಿನಿಂದ ಹೊರದಬ್ಬಿದ್ದು ಅಲ್ಲೇ. ಅದಕ್ಕೆ 125 ವರ್ಷ ತುಂಬಿದ ಕಾರ್ಯಕ್ರಮ ಎರಡು ದಿನದ ಹಿಂದಷ್ಟೇ ಮುಗಿದಿತ್ತು. ಅವರು ರಾತ್ರಿಯೆಲ್ಲ ನಡುಗುತ್ತಾ ಕೂತಿದ್ದ ವೇಟಿಂಗ್ ರೂಮಿಗೂ ಹೋದೆ. ಜೂನ್ ಅಲ್ಲಿ ಚಳಿಗಾಲ. ಹಗಲಲ್ಲೇ ನನಗೆ ಸ್ವೆಟರ್ ಬೇಕಾಗಿತ್ತು. ಜಾಸ್ತಿ ಹೊತ್ತು ಇರಲಾಗಲಿಲ್ಲ, ಎದೆ ತುಂಬಿ ಬಂತು.

ಬೆಳಗ್ಗೆ 5:30, ಇನ್ನೂ ಕತ್ತಲು. ಸಿಟಿ ಹಾಲ್ ಮುಂದೆ ಹಳೇ ಸ್ವೆಟರ್ ಹಾಕಿ ನಿಂತಿದ್ದೆವು, ಬೆಚ್ಚಗಾದ ಮೇಲೆ ದಾರಿಯಲ್ಲೇ ಬಿಟ್ಟುಬಿಡುವಂಥದ್ದು. ಕೋಳಿ ಕೂಗಿತು, ಗುಂಡು ಹಾರಿತು. 1948ರಲ್ಲಿ ಮ್ಯಾಕ್ಸ್ ಟ್ರಿಂಬಾರ್ನ್ ಎಂಬ ಓಟಗಾರ ಕೋಳಿಯಂತೆ ಕೂಗಿದ್ದರಂತೆ, ಈಗ ಅದರ ರೆಕಾರ್ಡಿಂಗ್ ಹಾಕುತ್ತಾರೆ. ನಾನು ಹಿಂದಿನ ಬ್ಯಾಚು. ಗೆರೆ ದಾಟುವಷ್ಟರಲ್ಲೇ ಎಂಟು ನಿಮಿಷ ಹೋಗಿತ್ತು. ಆಗ ಇಲ್ಲಿ ಸಮಯ ಶುರುವಿನ ಗುಂಡಿನಿಂದ ಮುಕ್ತಾಯದ ಗುಂಡಿಗೆ, ಆ ಎಂಟು ನಿಮಿಷ ವಾಪಸ್ ಸಿಗುತ್ತಿರಲಿಲ್ಲ.

ನಾಲ್ಕನೇ ನಿಮಿಷಕ್ಕೆ ವಾಚ್ ಬೀಪ್ ಅಂದಿತು. ಎಡಗೈ ಎತ್ತಿ ರಸ್ತೆ ಅಂಚಿಗೆ ಬಂದು ನಡೆಯತೊಡಗಿದೆ. ಹಿಂದಿನಿಂದ ಬಂದವರು ಬೆನ್ನು ತಟ್ಟಿ ಸಮಾಧಾನ ಹೇಳಿಕೊಂಡು ಹೋದರು. ಮೊದಲ 30 ಕಿ.ಮೀ. ಇದೇ ಪಾಡು. ತಡೆದುಕೊಳ್ಳಬೇಕು. ಈ ವಿಧಾನದಲ್ಲಿ ಕಾಲಿಗಿಂತ ಮನಸ್ಸಿಗೇ ಕಷ್ಟ. ನೀರು ಅಲ್ಲಿ ಸಣ್ಣ ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಕೊಡುತ್ತಾರೆ, ಮೂಲೆ ಕಚ್ಚಿ ಹೀರಬೇಕು. ಬಿಸಾಡಿದ ಪ್ಯಾಕೆಟ್ ಮೇಲೆ ಕಾಲಿಟ್ಟರೆ ಜಾರುತ್ತದೆ, ಒಮ್ಮೆ ಬೀಳುವುದು ತಪ್ಪಿತು. ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ ಮಾತ್ರ ಸ್ವರ್ಗ.

ಡ್ರಮಂಡ್‌ಗೆ 5:44. ಹಿಂದಿನ ವರ್ಷಕ್ಕಿಂತ ನಾಲ್ಕು ನಿಮಿಷ ನಿಧಾನ, ಆದರೆ ಕಾಲು ಹೊಸದರಂತೆ ಇತ್ತು. ಸ್ವಲ್ಪ ಮುಂದೆ ಆರ್ಥರ್ಸ್ ಸೀಟ್, ಈ ಓಟವನ್ನು ಐದು ಸಲ ಗೆದ್ದ ಆರ್ಥರ್ ನ್ಯೂಟನ್ ಕೂರುತ್ತಿದ್ದರು ಅನ್ನುವ ಜಾಗ. ಎಲ್ಲರಂತೆ ನಾನೂ ಒಂದು ಹೂವಿಟ್ಟು ಗುಡ್ ಮಾರ್ನಿಂಗ್ ಆರ್ಥರ್ ಅಂದೆ. ಹಾಗೆ ಮಾಡಿದರೆ ಉಳಿದ ಅರ್ಧ ಚೆನ್ನಾಗಿ ಸಾಗುತ್ತದಂತೆ. ನನಗೆ ಸಾಗಿತು.

ಫೀಲ್ಡ್ಸ್ ಹಿಲ್ ಮೂರು ಕಿ.ಮೀ. ಕಡಿದಾದ ಇಳಿಜಾರು. ನನ್ನ ಕಣ್ಣೆದುರೇ ಒಬ್ಬರು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದರು, ತೊಡೆ ಅಷ್ಟು ಸೋತಿತ್ತು. ಬೆಳಗ್ಗೆ ನನ್ನ ಬೆನ್ನು ತಟ್ಟಿದವರಲ್ಲಿ ಒಬ್ಬರು ಅಲ್ಲೇ ಸಿಕ್ಕರು, ಹಳದಿ ಟೋಪಿಯಿಂದ ಗುರುತು ಹಿಡಿದೆ. ಈಗ ನಾನು ಅವರ ಬೆನ್ನು ತಟ್ಟಿದೆ. ಪೈನ್‌ಟೌನ್ ತಲುಪುವಷ್ಟರಲ್ಲಿ ಇನ್ನೂರು ಜನರನ್ನಾದರೂ ದಾಟಿರುತ್ತೇನೆ. ಬಸ್ ಹತ್ತಿ ಇಳಿದ ಬೆಟ್ಟದ ಫಲ ಅದು.

ಕೌವೀಸ್ ಹಿಲ್‌ನಿಂದ ಮುಂದೆ 4:1 ಬಿಟ್ಟೆ. ಎಷ್ಟಕ್ಕೆ ಇಳಿಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಇನ್ನೊಂದು ಸಲ ಪರೀಕ್ಷೆ ಮಾಡಬೇಕಿದೆ. ಮೋಸೆಸ್ ಮಬಿಡಾ ಸ್ಟೇಡಿಯಂ ಒಳಗೆ ಬಂದಾಗ ಕತ್ತಲು ಕವಿಯತೊಡಗಿತ್ತು, ಓಟದ ಕೊನೆಯ ಗಡುವಾದ 12 ಗಂಟೆಗೆ 19 ನಿಮಿಷ ಬಾಕಿ. ಸಿಕ್ಕಿದ್ದು ವಿಕ್ ಕ್ಲ್ಯಾಫಮ್ ಪದಕ, 1921ರಲ್ಲಿ ಈ ಓಟ ಶುರು ಮಾಡಿದವರ ಹೆಸರಿನದು. ಹಳೇ ರೂಪಾಯಿ ನಾಣ್ಯದಷ್ಟೇ ಇದೆ. ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದೆ.

ನನ್ನ ಮುಂದಿನ ಓಟ ಮತ್ತೆ ಅಪ್ ರನ್. ಹೆಸರು ಕೊಟ್ಟಾಗಿದೆ, ಹೊಸ ಚೀಟಿಯೂ ಶುರುವಾಗಿದೆ. ಈ ಸಲ ಬೆಟ್ಟಕ್ಕೆ ಬಸ್ಸಿಲ್ಲ, ಮಂಗಳವಾರ ಬೆಳಗ್ಗೆ ಐದಕ್ಕೆ ಮೆಟ್ಟಿಲ ಬುಡದಲ್ಲಿರುತ್ತೇನೆ. ಕುಕ್ಕರಹಳ್ಳಿ ಮಾತು ಆಡಿದ ಗೆಳೆಯನೂ ಬರುತ್ತೇನೆ ಅಂದಿದ್ದಾನೆ.